ಮತ್ತೆ ಮತ್ತೆ ಬೂದು ಕಿಟ್: ಮೈಸೂರಿನಲ್ಲಿ ಒಂದು ಸೋಂಕಿನ ಲೆಕ್ಕ ಎರಡು ಸಲ ತಪ್ಪಿದ ಪ್ರಕರಣ

ಮೈಸೂರಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನಡೆದದ್ದು ಇದು. ಲೈಂಗಿಕ ವೃತ್ತಿಯಲ್ಲಿರುವ ಹೆಂಗಸರಿಗಾಗಿ ಒಂದು ಸ್ವಯಂಸೇವಾ ಸಂಸ್ಥೆ ಅದನ್ನು ನಡೆಸುತ್ತದೆ. ಸಂಸ್ಥೆ ಯಾವುದು, ಬೀದಿ ಯಾವುದು, ವರ್ಷ ಯಾವುದು ಅಂತ ಹೇಳುವುದಿಲ್ಲ. ಇಬ್ಬರು ಮೂವರು ಆಡಿದ ಮಾತನ್ನು ಒಬ್ಬರ ಬಾಯಿಗೆ ಹಾಕಿದ್ದೇನೆ. ಕ್ಲಿನಿಕ್ಕಿನ ಅಂಕಿಗಳನ್ನೂ ಕೊಡುತ್ತಿಲ್ಲ. ನಮ್ಮಂಥ ಊರಿನಲ್ಲಿ ಅಂಕಿಯೇ ಗುರುತಿನ ಚೀಟಿಯಾಗಿಬಿಡುತ್ತದೆ. ಲೆಕ್ಕ ತೋರಿಸುವಾಗ ಬರುವ ಸಂಖ್ಯೆಗಳು ಉದಾಹರಣೆಗೆ ಇಟ್ಟುಕೊಂಡವು. ಪ್ರಕಟವಾದ ಅಧ್ಯಯನದ ಅಂಕಿ ಬಂದರೆ ಅಲ್ಲೇ ಹೇಳುತ್ತೇನೆ.

ನಾನು ಡಿಗ್ರಿ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಡಿಫರೆನ್ಷಿಯಲ್ ಈಕ್ವೇಷನ್ ಪಾಠದ ಕೊನೆಗೆ ಸಾಂಕ್ರಾಮಿಕ ರೋಗದ ಮಾದರಿ ಅಂತ ಎರಡು ತರಗತಿ ಇರುತ್ತದೆ. ಆ ಎರಡು ತರಗತಿಯ ಧೈರ್ಯದ ಮೇಲೆ ನಾನು ಈ ಕೆಲಸಕ್ಕೆ ಒಪ್ಪಿಕೊಂಡೆ.

ಕ್ಲಿನಿಕ್ಕು ಮತ್ತು ಅದರ ರಿಜಿಸ್ಟರು

ಇಂಥ ಕ್ಲಿನಿಕ್ಕುಗಳಲ್ಲಿ ಬಂದವರಿಗೆಲ್ಲ ಲ್ಯಾಬ್ ಪರೀಕ್ಷೆ ಮಾಡಿ ಕ್ರಿಮಿ ಯಾವುದೆಂದು ಹುಡುಕುವ ಪದ್ಧತಿ ಇಲ್ಲ. ಲಕ್ಷಣ ನೋಡಿ ಔಷಧ ಕೊಡುತ್ತಾರೆ. ನ್ಯಾಕೋದ, ಅಂದರೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ, ಪದ್ಧತಿಯಲ್ಲಿ ಒಂದೊಂದು ಲಕ್ಷಣಕ್ಕೆ ಒಂದೊಂದು ಬಣ್ಣದ ಕಿಟ್. ಮೂತ್ರನಾಳದಲ್ಲಿ ಕೀವು ಅಥವಾ ಗರ್ಭಕೊರಳಿನಲ್ಲಿ ಉರಿಯೂತ ಕಂಡರೆ ಬೂದು ಬಣ್ಣದ ಕಿಟ್ 1: ಅಜಿತ್ರೊಮೈಸಿನ್ 1 ಗ್ರಾಂ, ಸೆಫಿಕ್ಸಿಮ್ 400 ಮಿಲಿಗ್ರಾಂ. ಗೊನೊರಿಯಾ, ಕ್ಲಮೈಡಿಯಾ ಎಂಬ ಎರಡು ಲೈಂಗಿಕ ಸೋಂಕಿಗೂ ಒಟ್ಟಿಗೇ ಪೆಟ್ಟು. ಯೋನಿಸ್ರಾವಕ್ಕೆ ಹಸಿರು ಕಿಟ್, ಹರ್ಪಿಸ್ ಹುಣ್ಣಿಗೆ ಕೆಂಪು, ಕಿಬ್ಬೊಟ್ಟೆಯ ಸೋಂಕಿಗೆ ಹಳದಿ, ಹೀಗೆ. ಲಕ್ಷಣ ಇರಲಿ ಬಿಡಲಿ, ಮೂರು ತಿಂಗಳಿಗೊಮ್ಮೆ ಎಲ್ಲರಿಗೂ ತಪಾಸಣೆ. ಆರು ತಿಂಗಳಿಗೊಮ್ಮೆ ಎಚ್‌ಐವಿ ಮತ್ತು ಸಿಫಿಲಿಸ್ ರಕ್ತಪರೀಕ್ಷೆ.

ಮೈಸೂರಿಗೆ ಈ ವಿಷಯದಲ್ಲಿ ದೊಡ್ಡ ಹಿನ್ನೆಲೆಯೇ ಇದೆ. ಇಲ್ಲಿಯ ಲೈಂಗಿಕ ವೃತ್ತಿನಿರತರು ತಾವೇ ಕಟ್ಟಿಕೊಂಡ ಆಶೋದಯ ಸಮಿತಿಯ ಕೆಲಸವನ್ನು ಹೊರದೇಶದವರೂ ಬಂದು ನೋಡಿ ಹೋಗಿದ್ದಾರೆ. ನಾನು ಹೇಳುತ್ತಿರುವ ಸಂಸ್ಥೆ ಅದಲ್ಲ. ಆದರೆ ಆಶೋದಯದ ಶುರುವಿನ ವರ್ಷಗಳಲ್ಲಿ, 2004 ಮತ್ತು 2006ರಲ್ಲಿ, ಮೈಸೂರಿನ ಲೈಂಗಿಕ ವೃತ್ತಿಯ ಹೆಂಗಸರ ನಡುವೆ ನಡೆದ ಎರಡು ಸಮೀಕ್ಷೆಗಳ ಫಲಿತಾಂಶ ಪ್ರಕಟವಾಗಿದೆ. ನನ್ನ ಲೆಕ್ಕಕ್ಕೆ ಅದೇ ಅಡಿಪಾಯ. ಆ ಎರಡು ವರ್ಷದಲ್ಲಿ ಸಿಫಿಲಿಸ್ ನೂರಕ್ಕೆ 25ರಿಂದ 12ಕ್ಕೆ ಇಳಿಯಿತು, ಕ್ಲಮೈಡಿಯಾ 11ರಿಂದ 5ಕ್ಕೆ, ಗೊನೊರಿಯಾ 5ರಿಂದ 2ಕ್ಕೆ. ಎಚ್‌ಐವಿ ಮಾತ್ರ 26ರಿಂದ 24, ಅಂದರೆ ಇದ್ದಲ್ಲೇ. ಇದನ್ನು ನೋಡಿ ಎಚ್‌ಐವಿ ಕೆಲಸ ಸೋತಿತು ಅಂದುಕೊಳ್ಳುವವರಿದ್ದಾರೆ. ಅದು ತಪ್ಪು. ವಾಸಿಯಾಗುವ ಸೋಂಕಿನಲ್ಲಿ ಇಂದಿನ ಸಂಖ್ಯೆ ಕಳೆದ ಕೆಲವು ತಿಂಗಳ ಕತೆ ಹೇಳುತ್ತದೆ. ಎಚ್‌ಐವಿ ಒಮ್ಮೆ ಬಂದರೆ ಜೀವನಪೂರ್ತಿ ಇರುವುದರಿಂದ ಇಂದಿನ ಸಂಖ್ಯೆಯಲ್ಲಿ ಹತ್ತು ಹದಿನೈದು ವರ್ಷದ ಹಳೆಯ ಬಾಕಿಯೂ ಸೇರಿರುತ್ತದೆ. ತೊಟ್ಟಿಗೆ ನೀರು ಬರುವ ನಲ್ಲಿ ನಿಲ್ಲಿಸಿದರೂ ತೊಟ್ಟಿಯ ನೀರು ಕೂಡಲೇ ಇಳಿಯುವುದಿಲ್ಲವಲ್ಲ, ಹಾಗೆ.

ನಮ್ಮ ಕ್ಲಿನಿಕ್ಕಿನ ಸಮಸ್ಯೆ ಆ ವಾಸಿಯಾಗುವ ಸೋಂಕಿನದ್ದೇ. ಕಾಂಡೋಮ್ ಹಂಚಿಕೆ ಸರಿಯಾಗಿತ್ತು. ತಪಾಸಣೆಗೆ ಹೆಂಗಸರು ತಪ್ಪದೆ ಬರುತ್ತಿದ್ದರು. ಆದರೂ ಬೂದು ಕಿಟ್ಟಿನ ಖರ್ಚು ಒಂದು ಮಟ್ಟಕ್ಕೆ ಇಳಿದು ಅಲ್ಲೇ ನಿಂತುಬಿಟ್ಟಿತ್ತು. ಸಂಸ್ಥೆಯ ಮ್ಯಾನೇಜರಿಗೆ ಮುಂದಿನ ಅನುದಾನದ ಅರ್ಜಿಗೆ ಒಂದು ಗ್ರಾಫ್ ಬೇಕಿತ್ತು. ತಪಾಸಣಾ ಕ್ಯಾಂಪುಗಳನ್ನು ಹೆಚ್ಚಿಸಿದರೆ ಎಷ್ಟು ದಿನದಲ್ಲಿ ಸೋಂಕು ಹೋಗುತ್ತದೆ ಎನ್ನುವುದಕ್ಕೆ ಒಂದು ಗೆರೆ. ಅಷ್ಟೇ ಅವರು ಕೇಳಿದ್ದು.

ಮೊದಲ ಮಾದರಿ: ಚೀಲದಲ್ಲಿ ಕಲಸಿದ ಊರು

ಇಂಥ ಲೆಕ್ಕಗಳ ಮೂಲಪುರುಷರು ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್. 1927ರ ಅವರ ಪ್ರಬಂಧದಲ್ಲಿ ಸಮೀಕರಣವನ್ನು ಒರೆಗೆ ಹಚ್ಚಲು ಬಳಸಿದ್ದು ಬೊಂಬಾಯಿಯ ಪ್ಲೇಗ್ ಸಾವಿನ ಅಂಕಿಗಳನ್ನು. ಪ್ಲೇಗು 1898ರಲ್ಲಿ ಮೈಸೂರಿಗೂ ಬಂದಿತ್ತು. 1903ರಲ್ಲಿ ಇಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿ, ಅಗಲ ಬೀದಿಯ ಬಡಾವಣೆಗಳು ಎದ್ದದ್ದರ ಹಿಂದೆ ಆ ಭಯವೂ ಇತ್ತು. ತರಗತಿಯಲ್ಲಿ ಇದನ್ನು ಹೇಳಿದರೆ ಹುಡುಗರು ಕಿವಿ ನೆಟ್ಟಗೆ ಮಾಡುತ್ತಾರೆ.

ಗೊನೊರಿಯಾದಂಥ ಸೋಂಕಿಗೆ ಮಾದರಿ ಇನ್ನೂ ಸರಳ. ವಾಸಿಯಾದವರಿಗೆ ನಂಬುವಂಥ ರೋಗನಿರೋಧ ಬರುವುದಿಲ್ಲ. ಆರೋಗ್ಯವಂತ, ಸೋಂಕಿತ, ಮತ್ತೆ ಆರೋಗ್ಯವಂತ, ಎರಡೇ ಡಬ್ಬಿ. ಸೋಂಕು ಉಳಿಯುತ್ತದೋ ಅಳಿಯುತ್ತದೋ ಎಂಬುದು ಮೂರು ಸಂಖ್ಯೆಗಳ ಗುಣಲಬ್ಧದ ಮೇಲೆ ನಿಂತಿದೆ: ಒಂದು ಸಂಬಂಧದಲ್ಲಿ ಸೋಂಕು ದಾಟುವ ಸಾಧ್ಯತೆ, ವರ್ಷಕ್ಕೆ ಎಷ್ಟು ಹೊಸ ಸಂಗಾತಿಗಳು, ಸೋಂಕು ಮೈಯಲ್ಲಿ ಎಷ್ಟು ಕಾಲ ಇರುತ್ತದೆ. ಕೊರೋನಾ ಕಾಲದಲ್ಲಿ ಟಿವಿಯವರು ಆರ್ ಸಂಖ್ಯೆ ಅಂತ ಬಡಕೊಳ್ಳುತ್ತಿದ್ದರಲ್ಲ, ಅದೇ ಇದು. ಒಂದಕ್ಕಿಂತ ಹೆಚ್ಚಾದರೆ ಸೋಂಕು ಉಳಿಯುತ್ತದೆ, ಕಡಿಮೆಯಾದರೆ ಆರಿಹೋಗುತ್ತದೆ.

ದಾಟುವ ಸಾಧ್ಯತೆ ಅರ್ಧ, ಸಂಗಾತಿಗಳು ಸರಾಸರಿ 2, ಸೋಂಕಿನ ಅವಧಿ ಅರ್ಧ ವರ್ಷ ಅಂತ ಇಟ್ಟುಕೊಳ್ಳಿ. ಗುಣಿಸಿದರೆ 0.5. ನೂರು ಜನರ ಸೋಂಕು ಮುಂದಿನ ಸುತ್ತಿಗೆ ಐವತ್ತು, ಆಮೇಲೆ ಇಪ್ಪತ್ತೈದು. ನನ್ನ ಎಂಎಸ್ಸಿ ಶಿಷ್ಯನೊಬ್ಬ ಪೈಥಾನಿನಲ್ಲಿ ಬರೆದುಕೊಟ್ಟ ಮೊದಲ ಗ್ರಾಫ್ ಹೀಗೇ ಚೆಂದವಾಗಿ ಜಾರುಬಂಡೆಯ ಹಾಗೆ ಇಳಿಯಿತು. ಮ್ಯಾನೇಜರಿಗೆ ಖುಷಿಯೋ ಖುಷಿ. ಅರ್ಜಿಗೆ ಅಂಟಿಸಲು ಅವರು ಅಂದೇ ಕೇಳಿದರು. ನಾನು ಕೊಡುವವನೇ ಇದ್ದೆ. ತಡೆದದ್ದು ಒಂದು ಸಣ್ಣ ಸಂಗತಿ: ಗ್ರಾಫ್ ಶುರುವಾಗುವ ದಿನವನ್ನು ಎರಡು ವರ್ಷ ಹಿಂದಕ್ಕೆ ಇಟ್ಟು ಓಡಿಸಿದರೆ, ಇವತ್ತಿಗೆ ಕ್ಲಿನಿಕ್ಕಿನಲ್ಲಿ ಒಂದು ಬೂದು ಕಿಟ್ಟೂ ಖರ್ಚಾಗಬಾರದಿತ್ತು. ಭವಿಷ್ಯ ಹೇಳುವ ಮಾದರಿಗೆ ನಿನ್ನೆಯದೇ ಗೊತ್ತಿರಲಿಲ್ಲ.

ದಸರಾ ಗುಡ್ಡ

ರಿಜಿಸ್ಟರನ್ನು ತಿಂಗಳುವಾರು ಜೋಡಿಸಿದಾಗ ಒಂದು ಗುಡ್ಡ ಕಂಡಿತು. ಪ್ರತಿವರ್ಷ ದಸರಾ ಮುಗಿದ ಎರಡನೇ ವಾರಕ್ಕೆ ಬೂದು ಕಿಟ್ ಏಕ್‌ದಂ ಏರುತ್ತದೆ. ಶಿಷ್ಯ ಕುಣಿದಾಡಿಬಿಟ್ಟ. ದಸರಾಕ್ಕೆ ಊರಿನ ಲಾಡ್ಜುಗಳೆಲ್ಲ ಭರ್ತಿ, ಹೊರಗಿನವರು ಬರುತ್ತಾರೆ, ಸೋಂಕಿನ ಅವಿತುಕೊಳ್ಳುವ ಕಾಲ ಕಳೆದು ಲಕ್ಷಣ ಕಾಣುತ್ತದೆ, ತರ್ಕ ಪಕ್ಕಾ. ಸಮೀಕರಣಕ್ಕೆ ಒಂದು ಋತುಮಾನದ ಪದ ಸೇರಿಸಿದೆವು. ಗೆರೆ ಚುಕ್ಕಿಗಳ ಮೇಲೆ ಕೂತೇಬಿಟ್ಟಿತು.

ಕೌನ್ಸೆಲರ್‌ಗೆ ತೋರಿಸಿದೆ. ಆಕೆ ಒಂದು ನಿಮಿಷ ನೋಡಿ, "ಸಾರ್, ದಸರಾದಲ್ಲಿ ನಾವು ಬಾಗಿಲು ಹಾಕಿರ್ತೀವಿ" ಅಂದರು. ಡಾಕ್ಟರು ರಜ, ಹೆಂಗಸರಿಗೂ ಹಬ್ಬ, ಮಕ್ಕಳಿಗೆ ಸ್ಕೂಲಿಲ್ಲ. ತಪಾಸಣೆಗೆ ಬರಬೇಕಾದವರೆಲ್ಲ ಹಬ್ಬ ಮುಗಿಸಿ ಒಟ್ಟಿಗೆ ಬರುತ್ತಾರೆ. ಗುಡ್ಡದ ಹಿಂದೆ ಇದ್ದ ಹಳ್ಳವನ್ನು ನಾವು ಗಮನಿಸಿಯೇ ಇರಲಿಲ್ಲ. ಗುಡ್ಡವನ್ನು ಕಡಿದು ಹಳ್ಳಕ್ಕೆ ತುಂಬಿದರೆ ನೆಲ ಸಮ.

ರಿಜಿಸ್ಟರಿನಲ್ಲಿ ಇದ್ದದ್ದು ಸೋಂಕಿನ ಲೆಕ್ಕ ಅಲ್ಲವೇ ಅಲ್ಲ, ಕಿಟ್ಟಿನ ಲೆಕ್ಕ ಅಂತ ನನಗೆ ಆಗ ಹೊಳೆಯಿತು. ಕ್ಲಿನಿಕ್ಕಿನ ಬಾಗಿಲು, ಡಾಕ್ಟರ ರಜೆ, ಬಸ್ಸಿನ ಹೊತ್ತು, ಎಲ್ಲವೂ ಅದರಲ್ಲಿ ಸೇರಿಕೊಂಡಿದ್ದವು. ಗರ್ಭಕೊರಳಿನ ಉರಿಯೂತವೆಲ್ಲ ಗೊನೊರಿಯಾ ಕ್ಲಮೈಡಿಯಾವೇ ಆಗಿರಬೇಕಿಲ್ಲ. ಕ್ಲಮೈಡಿಯಾ ಇದ್ದ ಹೆಚ್ಚಿನ ಹೆಂಗಸರಿಗೆ ಲಕ್ಷಣವೇ ಇರುವುದಿಲ್ಲ. ಎರಡೂ ಕಡೆ ಸೋರುವ ಅಳತೆ ಇದು.

ಎರಡನೇ ಮಾದರಿ: ಸರಾಸರಿಯ ಮೋಸ

ಸೋಂಕು ಯಾಕೆ ಆರುತ್ತಿಲ್ಲ ಎಂಬುದಕ್ಕೆ ಪುಸ್ತಕದಲ್ಲಿ ಒಂದು ಹೆಸರುವಾಸಿ ಉತ್ತರ ಇದೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಗೊನೊರಿಯಾ ವರ್ಷಕ್ಕೆ ಹತ್ತು ಲಕ್ಷದ ಹತ್ತಿರ ವರದಿಯಾಗುತ್ತಿತ್ತು. ಸರಾಸರಿ ಹಿಡಿದು ಲೆಕ್ಕ ಹಾಕಿದರೆ ಸೋಂಕು ಉಳಿಯುವುದಕ್ಕೇ ಕಾರಣ ಸಿಗದು. ಹೆತ್‌ಕೋಟ್ ಮತ್ತು ಯಾರ್ಕ್ ಎಂಬ ಗಣಿತಜ್ಞರು, ಸಂಗಾತಿಗಳು ಹೆಚ್ಚಿರುವ ಒಂದು ಸಣ್ಣ ಗುಂಪೇ ಸೋಂಕನ್ನು ಆರದ ಹಾಗೆ ಉಳಿಸಿರುತ್ತದೆ ಎಂದು ತೋರಿಸಿದರು. 1984ರ ಅವರ ಪುಸ್ತಕದಿಂದ ಕೋರ್ ಗ್ರೂಪ್ ಎಂಬ ಮಾತು ಎಲ್ಲರ ಬಾಯಿಗೆ ಬಂತು. ಎಚ್‌ಐವಿ ಬಂದ ಮೇಲೆ ಮೇ ಮತ್ತು ಆಂಡರ್ಸನ್ ಎಂಬ ವಿಜ್ಞಾನಿಗಳು ಇದನ್ನು ಒಂದೇ ಸಾಲಿನಲ್ಲಿ ಹಿಡಿದರು: ಸಂಗಾತಿಗಳ ಸರಾಸರಿಯನ್ನು ಹಾಗೇ ಹಾಕಬೇಡಿ, ಅದಕ್ಕೆ ಹರವನ್ನು (ಒಬ್ಬೊಬ್ಬರ ಸಂಖ್ಯೆ ಸರಾಸರಿಯಿಂದ ಎಷ್ಟು ಚದುರಿದೆ ಎಂಬುದರ ಅಳತೆ) ಸರಾಸರಿಯಿಂದ ಭಾಗಿಸಿ ಕೂಡಿಸಿ.

ಹತ್ತು ಜನ. ಒಂಬತ್ತು ಮಂದಿಗೆ ವರ್ಷಕ್ಕೆ ಒಬ್ಬೊಬ್ಬ ಸಂಗಾತಿ, ಒಬ್ಬರಿಗೆ ಹನ್ನೊಂದು. ಸರಾಸರಿ 2. ಹರವು ಅಂದರೆ ವೇರಿಯನ್ಸ್ 9. ಅದನ್ನು 2ರಿಂದ ಭಾಗಿಸಿದರೆ 4.5, ಸರಾಸರಿಗೆ ಕೂಡಿಸಿದರೆ 6.5. ಮೊದಲಿನ ಲೆಕ್ಕಕ್ಕೆ 2ರ ಜಾಗದಲ್ಲಿ 6.5 ಹಾಕಿ: 0.5 ಇದ್ದದ್ದು 1.6 ಆಯಿತು. ಆರಿಹೋಗಬೇಕಿದ್ದ ಸೋಂಕು ಜೀವ ಹಿಡಿದು ಕೂತಿತು. ಊರಿನಲ್ಲಿ ಒಬ್ಬರೂ ಬದಲಾಗಿಲ್ಲ, ಸರಾಸರಿಯೂ ಬದಲಾಗಿಲ್ಲ.

ಕೋರ್ ಗ್ರೂಪ್ ಎಂಬ ಮಾತಿನ ಬಗ್ಗೆ ನನಗೊಂದು ತಕರಾರಿದೆ. ಗಣಿತದಲ್ಲಿ ಅದಕ್ಕೆ ಲಿಂಗವಿಲ್ಲ. ಹೆಂಗಸೊಬ್ಬಳಿಗೆ ನೂರು ಗಿರಾಕಿ ಇದ್ದರೆ ಆ ನೂರು ಗಂಡಸರೂ ಅದೇ ಸಮೀಕರಣದಲ್ಲಿದ್ದಾರೆ. ಕಚೇರಿಯ ಕಾಗದಕ್ಕೆ ಇಳಿಯುವ ಹೊತ್ತಿಗೆ ಮಾತ್ರ ಅದು ಹೆಂಗಸಿನ ಹಣೆಗೆ ಹಚ್ಚಿದ ಚೀಟಿಯಾಗಿರುತ್ತದೆ, ಗಂಡಸರು ಮಾಯ. ನಾನೂ ಅದನ್ನೇ ಮಾಡಿದೆ ಎಂಬುದು ಮುಂದೆ ಗೊತ್ತಾಗುತ್ತದೆ.

ಎರಡನೇ ಮಾದರಿ ಕ್ಲಿನಿಕ್ಕಿನ ಮಟ್ಟವನ್ನು ಸರಿಯಾಗಿ ತೋರಿಸಿತು. ಇಲ್ಲಿಗೆ ನಿಲ್ಲಿಸಬಹುದಿತ್ತು, ಬಹಳ ಜನ ನಿಲ್ಲಿಸುತ್ತಾರೆ. ಆದರೆ ಅದು ಇನ್ನೊಂದು ಮಾತನ್ನೂ ಹೇಳುತ್ತಿತ್ತು. ಗಿರಾಕಿಗಳು ಹೆಚ್ಚಿರುವವರೇ ಬೂದು ಕಿಟ್ಟಿಗೆ ಮತ್ತೆ ಮತ್ತೆ ಬರಬೇಕು. ರಿಜಿಸ್ಟರಿನಲ್ಲಿ ಹೆಸರಿಲ್ಲ, ಕೋಡ್ ನಂಬರ್ ಇರುತ್ತದೆ. ವರ್ಷದಲ್ಲಿ ಮೂರು ಸಲ ಬೂದು ಕಿಟ್ ಪಡೆದ ಕೋಡುಗಳನ್ನು ಕೌನ್ಸೆಲರ್ ಬೇರೆ ಮಾಡಿದರು. ಅವರಲ್ಲಿ ಹೆಚ್ಚಿನವರು ವಾರಕ್ಕೆ ಎರಡು ಮೂರು ದಿನ ಮಾತ್ರ ಕೆಲಸಕ್ಕೆ ಬರುವವರು. ದಿನಾ ಬರುವ, ಗಿರಾಕಿ ಹೆಚ್ಚಿರುವ ಹೆಂಗಸರು ಆ ಪಟ್ಟಿಯಲ್ಲಿ ಕಡಿಮೆ.

ಡಾಕ್ಟರು ಮೊದಲು ಅನುಮಾನಿಸಿದ್ದು ಔಷಧವನ್ನು. ಗೊನೊರಿಯಾ ಒಂದಾದ ಮೇಲೊಂದು ಔಷಧಕ್ಕೆ ಬಗ್ಗದೆ ಹೋದ ಕ್ರಿಮಿ; ಸಿಪ್ರೊಫ್ಲಾಕ್ಸಸಿನ್ ಕೈಬಿಟ್ಟದ್ದು ಹಾಗೇ. ಆದರೆ ಔಷಧ ಕೆಲಸ ಮಾಡದಿದ್ದರೆ ಎಲ್ಲರಿಗೂ ಒಂದೇ ಥರ ಕೈಕೊಡಬೇಕಲ್ಲ, ಗಿರಾಕಿ ಕಡಿಮೆ ಇರುವವರನ್ನೇ ಯಾಕೆ ಹುಡುಕಿಕೊಂಡು ಹೋಗಬೇಕು?

ಕ್ಯಾಲೆಂಡರಿನ ಹಿಂಬದಿ

ಮಂಗಳವಾರದ ಸಭೆಗೆ ಪೀರ್ ಎಜುಕೇಟರುಗಳು ಬರುತ್ತಾರೆ. ವೃತ್ತಿಯಲ್ಲಿದ್ದುಕೊಂಡೇ ಉಳಿದವರಿಗೆ ತಿಳಿಹೇಳುವವರು. ಅವರಲ್ಲಿ ಒಬ್ಬರನ್ನು ಗೌರಕ್ಕ ಅನ್ನೋಣ, ಮಂಡ್ಯದ ಕಡೆಯವರು. ನಾನು ಲ್ಯಾಪ್‌ಟಾಪ್ ತಿರುಗಿಸಿ ಚುಕ್ಕಿಗಳು ಓಡಾಡುವ ಸಿಮ್ಯುಲೇಶನ್ ತೋರಿಸಿದೆ. ಕೆಂಪು ಚುಕ್ಕಿ ನೀಲಿ ಚುಕ್ಕಿಗೆ ತಾಗುತ್ತದೆ, ಬಿಡುತ್ತದೆ, ಇನ್ನೊಂದಕ್ಕೆ ತಾಗುತ್ತದೆ.

ಸ್ವಲ್ಪ ಹೊತ್ತು ಸುಮ್ಮನೆ ನೋಡಿದ ಗೌರಕ್ಕ ಕೇಳಿದ್ದು ಒಂದೇ ಮಾತು: "ಮೇಷ್ಟ್ರೇ, ಇದ್ರಾಗೆ ಲವರ್ ಎಲ್ಲವ್ನೆ?"

ನನಗೆ ಅರ್ಥವಾಗಲಿಲ್ಲ. ಆಕೆ ಬ್ಯಾಗಿನಿಂದ ಸ್ಟಿಕ್ಕರ್ ಬೊಟ್ಟಿನ ಹಾಳೆ ತೆಗೆದರು. ಗೋಡೆಯಲ್ಲಿದ್ದ ಹಳೇ ಕ್ಯಾಲೆಂಡರಿನ ಮುಗಿದ ತಿಂಗಳನ್ನು ಹರಿದು ಬೋರಲು ಹಾಕಿದರು. ಒಂದು ದೊಡ್ಡ ಕೆಂಪು ಬೊಟ್ಟು ಅಂಟಿಸಿ, "ಇದು ನಾನು ಅಂದ್ಕೊಳ್ಳಿ." ಸುತ್ತ ಸಣ್ಣ ಕಪ್ಪು ಬೊಟ್ಟುಗಳು, ಒಂದು, ಎರಡು, ಏಳು, ಎಂಟು. "ಇವ್ರು ಗಿರಾಕಿಗಳು. ಒಂದ್ ಸಲ ಬತ್ತಾರೆ, ವೋಯ್ತಾರೆ. ಇವ್ರ ತಾವ ನಿರೋಧ್ ಇಲ್ದೆ ಆಗಕಿಲ್ಲ ಅಂತೀವಿ." ಆಮೇಲೆ ಕೆಂಪು ಬೊಟ್ಟಿಗೆ ಅಂಟಿಕೊಂಡ ಹಾಗೇ ಒಂದು ಮರೂನ್ ಬೊಟ್ಟು. "ಇವ್ನು ಲವರ್. ಇವ್ನ್ ತಾವ ದಿನಾ ವೋಯ್ತೀನಿ. ನಿರೋಧ್ ತಕ್ಕೋ ಅಂದ್ರೆ, ಯಾಕೆ ನಾನೂ ಗಿರಾಕಿನಾ ಅಂತಾನೆ." ಬಾಲ್‌ಪೆನ್ನಿನಿಂದ ಕೆಂಪು ಮರೂನುಗಳ ನಡುವೆ ಗೆರೆ ಎಳೆದರು, ಅದರ ಮೇಲೇ ಮತ್ತೊಂದು, ಮತ್ತೊಂದು. ಕಾಗದ ಹರಿಯುವ ಹಾಗಾಯಿತು.

"ಡಾಕ್ಟ್ರು ನನ್ಗೆ ಬೂದಿ ಕಿಟ್ ಕೊಟ್ರು. ವಾಸಿ ಆಯ್ತು. ಸಂಜೆಗೆ ಯಾರ್ ತಾವ ವೋದೆ?" ಪೆನ್ನು ಮರೂನ್ ಬೊಟ್ಟಿನ ಮೇಲೆ ಕುಟ್ಟಿತು.

ನನ್ನ ಎರಡೂ ಮಾದರಿಗಳಲ್ಲಿ ವಾಸಿಯಾದ ಹೆಂಗಸಿನ ಮುಂದಿನ ಸಂಗಾತಿ ಚೀಲದಿಂದ ಚೀಟಿ ಎತ್ತಿದ ಹಾಗೆ. ಊರಿನ ನೂರು ಗಂಡಸರಲ್ಲಿ ಐವರಿಗೆ ಸೋಂಕು ಅಂದರೆ ಆಕೆಗೆ ಸೋಂಕಿನವನು ಸಿಗುವ ಸಾಧ್ಯತೆ ಇಪ್ಪತ್ತಕ್ಕೆ ಒಂದು. ಆದರೆ ಆಕೆ ಹೋಗುವುದು ತನಗೆ ಸೋಂಕು ಕೊಟ್ಟ, ಇಲ್ಲವೇ ತನ್ನಿಂದ ಪಡೆದ ಅದೇ ಮನುಷ್ಯನ ಹತ್ತಿರ. ಸಾಧ್ಯತೆ ಎರಡಕ್ಕೆ ಒಂದಾದರೂ ಆಶ್ಚರ್ಯವಿಲ್ಲ. ಜೋಡಿ ಉಳಿಯುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯುವ ಮಾದರಿಗಳನ್ನು ಡೀಟ್ಸ್ ಮತ್ತು ಹಾಡೆಲರ್ 1988ರಲ್ಲೇ ಬರೆದಿಟ್ಟಿದ್ದರು. ನಾನು ಅದನ್ನು ಓದಿದ್ದೆ ಕೂಡ. ಸಮೀಕರಣ ಉದ್ದ ಆಗುತ್ತದೆ ಅಂತ ಪಕ್ಕಕ್ಕಿಟ್ಟಿದ್ದೆ.

ಪ್ರಕಟವಾದ ಅಂಕಿಯಲ್ಲೂ ಇದು ಎದ್ದು ಕಾಣುತ್ತಿತ್ತು. ಮೈಸೂರಿನ ಅದೇ ಸಮೀಕ್ಷೆಗಳಲ್ಲಿ, ಬಂದುಹೋಗುವ ಗಿರಾಕಿಗಳೊಂದಿಗೆ ಕೊನೆಯ ಸಲ ಕಾಂಡೋಮ್ ಬಳಸಿದವರು ನೂರಕ್ಕೆ 65ರಿಂದ 90ಕ್ಕೆ ಏರಿದ್ದರು. ಖಾಯಂ ಸಂಗಾತಿಯೊಂದಿಗೆ ಬಳಸಿದವರು 7ರಿಂದ 30ಕ್ಕೆ. ನಾನು ಈ ಎರಡನ್ನೂ ಕಲಸಿ ಒಂದು ಸರಾಸರಿ ಮಾಡಿ ಸಮೀಕರಣಕ್ಕೆ ಹಾಕಿದ್ದೆ.

ಅರ್ಧ ಕಾಂಡೋಮಿನ ಲೆಕ್ಕ

ಆ ರಾತ್ರಿ ಕೂತು ಮಾಡಿದ ಲೆಕ್ಕ ಸಣ್ಣದು, ಆದರೆ ಇಡೀ ಪ್ರಕರಣದಲ್ಲಿ ನನಗೆ ಹೆಚ್ಚು ಕಲಿಸಿದ್ದು ಅದೇ. ಸೋಂಕಿರುವ ಹೆಂಗಸಿನಿಂದ ಗಂಡಸಿಗೆ ಗೊನೊರಿಯಾ ಒಂದು ಸಲದ ಕೂಡುವಿಕೆಯಲ್ಲಿ ದಾಟುವ ಸಾಧ್ಯತೆ ಸುಮಾರು 20 ಪ್ರತಿಶತ. ಗಂಡಸಿನಿಂದ ಹೆಂಗಸಿಗೆ ಇನ್ನೂ ಹೆಚ್ಚು. ಎಚ್‌ಐವಿ ದಾಟುವುದು ಸುಮಾರಾಗಿ ಸಾವಿರಕ್ಕೆ ಒಂದು.

ಕಾಂಡೋಮ್ ಇಲ್ಲದೆ ಹತ್ತು ಸಲ ಕೂಡಿದರೆ ಗೊನೊರಿಯಾ ಹತ್ತೂ ಸಲ ತಪ್ಪಿಸಿಕೊಳ್ಳುವ ಸಾಧ್ಯತೆ 0.8ನ್ನು ಹತ್ತು ಸಲ ಗುಣಿಸಿದಷ್ಟು. ಅಂದರೆ ನೂರಕ್ಕೆ 11. ಅಂಟುವ ಸಾಧ್ಯತೆ 89. ಈಗ ಹತ್ತರಲ್ಲಿ ಐದು ಸಲ ಕಾಂಡೋಮ್ ಬಳಸಿದರು ಅನ್ನಿ, ಅದು ಪೂರ್ತಿ ಕಾಪಾಡುತ್ತದೆ ಅಂತಲೇ ಅನ್ನಿ. ಉಳಿದ ಐದು ಸಲದಲ್ಲಿ ಅಂಟುವ ಸಾಧ್ಯತೆ ನೂರಕ್ಕೆ 67. ಅರ್ಧದಷ್ಟು ಸಲ ಕಾಪಾಡಿಕೊಂಡರೂ ಅಪಾಯ ಕಾಲುಭಾಗ ಮಾತ್ರ ಇಳಿಯಿತು. ಎಚ್‌ಐವಿಗೆ ಇದೇ ಲೆಕ್ಕ ಬೇರೆ: ಕಾಂಡೋಮಿಲ್ಲದೆ ನೂರು ಸಲಕ್ಕೆ ಸುಮಾರು 9.5 ಪ್ರತಿಶತ, ಐವತ್ತು ಸಲಕ್ಕೆ 4.9. ಅರ್ಧ ಬಳಸಿದರೆ ಅಪಾಯವೂ ಹೆಚ್ಚುಕಡಿಮೆ ಅರ್ಧ.

ಇದನ್ನು ಕೌನ್ಸೆಲಿಂಗ್ ಕೋಣೆಗೆ ಒಯ್ದರೆ ಏನಾಗುತ್ತದೆ ನೋಡಿ. ಖಾಯಂ ಸಂಗಾತಿಯ ಜೊತೆ ಆಗೊಮ್ಮೆ ಈಗೊಮ್ಮೆಯಾದರೂ ಬಳಸಿ ಅನ್ನುವ ಸಲಹೆ ಎಚ್‌ಐವಿಯ ಮಟ್ಟಿಗೆ ಚಿನ್ನದಂಥದ್ದು. ಸುಲಭವಾಗಿ ಅಂಟುವ ಸೋಂಕಿಗೆ ಅದರಿಂದ ಅಷ್ಟೇನೂ ಆಗದು. ಅಲ್ಲಿ ಕೆಲಸಕ್ಕೆ ಬರುವುದು ಇಬ್ಬರಿಗೂ ಒಟ್ಟಿಗೆ ಔಷಧ. ಒಂದೇ ಕಾಂಡೋಮಿನ ಪಾಠವನ್ನು ಎಲ್ಲ ಸೋಂಕಿಗೂ ಒಂದೇ ತೂಕದಲ್ಲಿ ಹೇಳುತ್ತಿದ್ದೆವು.

ಮೂರನೇ ಮಾದರಿಗೆ ಬೇಕಾದ ಮಾಹಿತಿ

ಶಿಷ್ಯನಿಗೆ ಬೊಟ್ಟಿನ ಚಿತ್ರ ಕಂಡದ್ದೇ ತಡ, ಇಡೀ ಜಾಲವನ್ನೇ ಬರೆಯೋಣ ಅಂದ. ಹೆಂಗಸರು ತಮ್ಮ ಸಂಗಾತಿಯ ಮೊಬೈಲ್ ನಂಬರಿನ ಕೊನೆಯ ಐದಂಕಿ ಕೊಟ್ಟರೆ ಸಾಕು, ಯಾರ ಲವರ್ ಇನ್ಯಾರ ಗಿರಾಕಿ ಎಂಬುದೂ ಹೊಂದಿಕೊಳ್ಳುತ್ತದೆ. ಗಣಿತದ ಕಣ್ಣಿಗೆ ಆಸೆ ಹುಟ್ಟಿಸುವಂಥ ಮಾಹಿತಿ. ನನಗೂ ಆಸೆಯಾಯಿತು.

ಸಭೆಯಲ್ಲಿ ಇದನ್ನು ಇಟ್ಟಾಗ ಯಾರೂ ಕೂಗಾಡಲಿಲ್ಲ. ಒಬ್ಬಾಕೆ, "ಈ ಪಟ್ಟಿ ಪೊಲೀಸ್ರ ಕೈಗೆ ಸಿಕ್ರೆ?" ಅಂದರು. ಇನ್ನೊಬ್ಬಾಕೆ, "ನಮ್ ಮನೆಯೋರ ಕೈಗೆ ಸಿಕ್ರೆ?" ಅಂದರು. ಡಾಕ್ಟರು 2017ರ ಎಚ್‌ಐವಿ ಕಾಯಿದೆಯ ಮಾತೆತ್ತಿದರು. ಒಬ್ಬರ ಸೋಂಕಿನ ಸ್ಥಿತಿಯನ್ನು ಒಪ್ಪಿಗೆಯಿಲ್ಲದೆ ಹೊರಗೆ ಬಿಡುವಂತಿಲ್ಲ. ಆದರೆ ತೀರ್ಮಾನ ಆದದ್ದು ಕಾಯಿದೆಯಿಂದಲ್ಲ, ಆ ಎರಡು ಪ್ರಶ್ನೆಗಳಿಂದ. ನಂಬರು ಬೇಡ.

ಬದಲಿಗೆ ಮೂರು ಪ್ರಶ್ನೆಗಳು ಉಳಿದವು. ಖಾಯಂ ಸಂಗಾತಿ ಇದ್ದಾನೋ ಇಲ್ಲವೋ. ಇದ್ದರೆ, ಈತನ ಜೊತೆ ಎಷ್ಟು ಕಾಲವಾಯಿತು. ಹೋದ ಸಲ ನಿನಗೆ ಔಷಧ ಆದಾಗ ಆತನಿಗೂ ಆಯಿತೋ. ಮೂರೂ ಹೇಳದಿದ್ದರೂ ಕಿಟ್ಟಿಗೆ ಅಡ್ಡಿಯಿಲ್ಲ. ಜಾಲ ಸಿಗಲಿಲ್ಲ, ಆದರೆ ಜೋಡಿ ಮಾದರಿಗೆ ಬೇಕಾದದ್ದು ಜಾಲವಲ್ಲ, ಜೋಡಿ ಎಷ್ಟು ಕಾಲ ಬಾಳುತ್ತದೆ ಎಂಬುದು. ಅದು ಎರಡನೇ ಪ್ರಶ್ನೆಯಲ್ಲಿ ಸಿಕ್ಕಿತು. ಒಂದು ತ್ರೈಮಾಸಿಕ ಕಳೆಯುವ ಹೊತ್ತಿಗೆ ರಿಜಿಸ್ಟರೇ ಮಾತಾಡಿತು: ಖಾಯಂ ಸಂಗಾತಿ ಇಲ್ಲ ಅಂದವರು ಬೂದು ಕಿಟ್ಟಿಗೆ ಮರಳಿದ್ದು ವಿರಳ. ಇದ್ದಾನೆ, ಅವನಿಗೆ ಔಷಧ ಆಗಿಲ್ಲ ಅಂದವರೇ ಮತ್ತೆ ಮತ್ತೆ ಬಂದವರು. ಡಾಕ್ಟರು ಔಷಧದ ಮೇಲಿನ ಅನುಮಾನವನ್ನು ಅಲ್ಲಿಗೆ ಕೈಬಿಟ್ಟರು.

ಜೋಡಿ ಮಾದರಿಯಲ್ಲಿ ಎರಡು ದಾರಿಗಳನ್ನು ಓಡಿಸಿ ನೋಡಿದೆವು. ಒಂದು, ಮ್ಯಾನೇಜರು ಬಯಸಿದ್ದು: ತಪಾಸಣೆಯನ್ನು ಮೂರು ತಿಂಗಳ ಬದಲು ಎರಡು ತಿಂಗಳಿಗೊಮ್ಮೆ ಮಾಡುವುದು. ಇನ್ನೊಂದು, ಮೂರು ತಿಂಗಳೇ ಇರಲಿ, ಖಾಯಂ ಸಂಗಾತಿಗೂ ಔಷಧ. ಮೊದಲನೆಯದು ಖರ್ಚು ಏರಿಸಿತು, ಗೆರೆಯನ್ನು ಒಸಿ ಇಳಿಸಿತು. ಎರಡನೆಯದರಲ್ಲಿ ಎಲ್ಲ ಸಂಗಾತಿಗಳೂ ಬರದೆ ಕೆಲವರೇ ಗುಳಿಗೆ ನುಂಗಿದರೂ ಗೆರೆ ಅದಕ್ಕಿಂತ ಹೆಚ್ಚು ಇಳಿಯಿತು. ಒಮ್ಮೆ ಚಿಕಿತ್ಸೆ ಪಡೆದವರನ್ನು ಕೆಲವು ತಿಂಗಳ ಮೇಲೆ ಮತ್ತೆ ಪರೀಕ್ಷಿಸಿ ಎಂದು ಹೆತ್‌ಕೋಟ್ ಬಳಗ ಹೇಳಿದ್ದಕ್ಕೂ ಇದು ಹೊಂದುತ್ತದೆ. ಒಮ್ಮೆ ಬಂದ ಕಡೆ ಸೋಂಕು ಮತ್ತೆ ಬರುವ ದಾರಿ ತೆರೆದೇ ಇರುತ್ತದೆ.

ಗಂಡಸರು ಬಂದದ್ದು, ಬರದೆ ಹೋದದ್ದು

ಗ್ರಾಫಿನಲ್ಲಿ "ಸಂಗಾತಿಗೆ ಔಷಧ" ಅನ್ನುವುದು ಒಂದು ಅಕ್ಷರ. ಆ ಗಂಡಸನ್ನು ಕ್ಲಿನಿಕ್ಕಿನ ಮಹಡಿ ಮೆಟ್ಟಿಲು ಹತ್ತಿಸುವುದು ಬೇರೆ ಮಾತು. ಹೆಂಗಸಿನ ಕೈಯಲ್ಲೇ ಎರಡನೇ ಕಿಟ್ ಕೊಟ್ಟು ಕಳಿಸೋಣ ಅಂತ ಒಂದು ಸಲಹೆ ಬಂತು. ನೋಡದ ರೋಗಿಗೆ ಔಷಧ ಕೊಡಲು ಡಾಕ್ಟರು ಒಪ್ಪಲಿಲ್ಲ. ಅಲರ್ಜಿಯಾದರೆ ಯಾರು ಜವಾಬು? ಚೀಟಿ ಕೊಟ್ಟು ಕರೆಸುವುದು ಅಂತ ಆಯಿತು. ಚೀಟಿಯ ಮೇಲೆ ಕ್ಲಿನಿಕ್ಕಿನ ವಿಳಾಸ, ಕೆಳಗೆ ಕಿಟ್ಟಿನ ನಂಬರು.

ಎರಡನೇ ವಾರಕ್ಕೇ ಒಬ್ಬಾಕೆ ಕೆನ್ನೆ ಊದಿಸಿಕೊಂಡು ಬಂದರು. ಲವರ್ ಚೀಟಿ ಓದಿ, "ಯಾರಿಂದ ತಂದೆ ಇದನ್ನ?" ಅಂದಿದ್ದಾನೆ. ಸಮೀಕರಣದಲ್ಲಿ ಇದಕ್ಕೆ ಪದವಿಲ್ಲ. ಮಾದರಿ ಸರಿಯಿತ್ತು, ಸಲಹೆಯೂ ಸರಿಯಿತ್ತು, ಆಕೆ ಏಟು ತಿಂದದ್ದೂ ನಿಜ. ಅಂದೇ ಚೀಟಿ ನಿಲ್ಲಿಸಿದೆವು. ಅದನ್ನು ನಿಲ್ಲಿಸಲು ಒಬ್ಬರ ಕೆನ್ನೆ ಊದಬೇಕಾಗಿತ್ತೇ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಗೌರಕ್ಕನನ್ನು ಮೊದಲೇ ಕೇಳಿದ್ದರೆ ಆಕೆ ಹೇಳುತ್ತಿದ್ದರು. ಲವರ್ ಎಲ್ಲಿ ಅಂತ ತೋರಿಸಿದವರನ್ನು ಅವನನ್ನು ಕರೆಯುವುದು ಹೇಗೆ ಅಂತ ಕೇಳುವುದು ನಮಗೆ ಹೊಳೆಯಲಿಲ್ಲ.

ಆಮೇಲಿನ ವ್ಯವಸ್ಥೆ ಅವರೇ ಮಾಡಿದ್ದು. ವಾರಕ್ಕೆರಡು ದಿನ ಸಂಜೆ ಏಳರ ಮೇಲೆ ಕ್ಲಿನಿಕ್ಕು ಗಂಡಸರಿಗೆ. ಬಿಪಿ, ಶುಗರ್ ಪರೀಕ್ಷೆಯೂ ಉಂಟು. ಬರುವವನಿಗೆ ಮನೆಯಲ್ಲಿ ಹೇಳಲು ಒಂದು ನೆವ. ಯಾರ ಸಂಗಾತಿ ಎಂದು ಯಾರೂ ಕೇಳುವುದಿಲ್ಲ, ರಿಜಿಸ್ಟರಿನಲ್ಲಿ ಬರೆಯುವುದಿಲ್ಲ. ಕರೆಯಬೇಕೋ ಬೇಡವೋ, ಕರೆದರೆ ಏನು ಹೇಳಿ ಕರೆಯಬೇಕು ಎಂಬುದು ಹೆಂಗಸಿನದೇ ತೀರ್ಮಾನ. ಹೇಳಲು ಭಯವಿರುವವರಿಗೆ, ಔಷಧದ ಕೋರ್ಸಿದೆ, ಒಂದು ವಾರ ಕೂಡುವಂತಿಲ್ಲ ಅಂತ ಡಾಕ್ಟರು ಹೇಳಿದ್ದಾರೆ ಅನ್ನುವ ಮಾತನ್ನು ಕಲಿಸಿದರು. ಏಳು ದಿನ ತಡೆಯುವುದು ಹೇಗೂ ಚಿಕಿತ್ಸೆಯ ನಿಯಮವೇ.

ಈ ವ್ಯವಸ್ಥೆಯಿಂದ ನನ್ನ ಮಾದರಿಗೆ ನಷ್ಟವೇ ಆಯಿತು. ಯಾವ ಗಂಡಸು ಯಾವ ಹೆಂಗಸಿನ ಜೋಡಿ ಎಂಬ ಕೊಂಡಿ ಕಡಿದುಹೋಯಿತು. ಸಂಜೆ ಬಂದವರಲ್ಲಿ ಎಷ್ಟು ಮಂದಿ ನಿಜಕ್ಕೂ ಖಾಯಂ ಸಂಗಾತಿಗಳು, ಎಷ್ಟು ಮಂದಿ ಶುಗರ್ ನೋಡಿಸಲು ಬಂದ ಆಟೋ ಸ್ಟ್ಯಾಂಡಿನವರು, ರಿಜಿಸ್ಟರಿನಿಂದ ತಿಳಿಯದು. ಹಾಗೇ ಇರಲಿ ಅಂತ ಬಿಟ್ಟೆವು.

ಆದದ್ದೇನು

ಮುಂದಿನ ಎರಡು ತ್ರೈಮಾಸಿಕದಲ್ಲಿ ಮೂರು ಸಲ ಬೂದು ಕಿಟ್ ಪಡೆಯುವ ಕೋಡುಗಳು ಕಡಿಮೆಯಾದವು. ಒಟ್ಟು ಬೂದು ಕಿಟ್ಟಿನ ಖರ್ಚು ಮಾತ್ರ ಏರಿತು, ಏಕೆಂದರೆ ಈಗ ಗಂಡಸರೂ ನುಂಗುತ್ತಿದ್ದರು. ಒಟ್ಟು ಖರ್ಚನ್ನೇ ನೋಡುವ ಯಾರಿಗಾದರೂ ಸೋಂಕು ಹೆಚ್ಚಿದೆ ಅನ್ನಿಸುತ್ತಿತ್ತು. ಅನುದಾನದ ಅರ್ಜಿಯಲ್ಲಿ ಎರಡನ್ನೂ ಬೇರೆ ಬೇರೆ ಬರೆಯಬೇಕು ಅಂತ ಮ್ಯಾನೇಜರ ಜೊತೆ ಒಂದು ಮಧ್ಯಾಹ್ನ ಪೂರ್ತಿ ಜಗ್ಗಾಡಿದೆ. ಇಳಿಯುವ ಒಂದು ಗೆರೆಯ ಬದಲು, ಇಷ್ಟರಿಂದ ಇಷ್ಟರೊಳಗೆ ಇರಬಹುದು ಅನ್ನುವ, ಮೇಲೂ ಕೆಳಗೂ ಅಂಚಿರುವ ಒಂದು ಅಗಲ ಪಟ್ಟಿ ಕೊಟ್ಟೆ. "ಇಷ್ಟಗಲ ಇದ್ರೆ ಯಾರ್ ನಂಬ್ತಾರೆ ಸಾರ್" ಅಂದರು. ಕೊನೆಗೆ ಹಾಕಿದರು.

ಇಳಿದದ್ದು ಸಂಗಾತಿಗೆ ಔಷಧ ಕೊಟ್ಟಿದ್ದರಿಂದಲೇ ಅಂತ ನಾನು ಹೇಳಲಾರೆ. ಸಂಜೆಯ ಹೊತ್ತು ತೆರೆದದ್ದರಿಂದ ಮೊದಲು ಬಾರದಿದ್ದ ಹೆಂಗಸರೂ ಬರತೊಡಗಿದರು, ಅದೇ ಅವಧಿಯಲ್ಲಿ ಹೊಸ ಪೀರ್ ಎಜುಕೇಟರುಗಳು ಸೇರಿದರು. ಹೋಲಿಸಿ ನೋಡಲು ಇನ್ನೊಂದು ಕ್ಲಿನಿಕ್ಕು ಇರಲಿಲ್ಲ. ಖಚಿತವಾಗಿ ಹೇಳಬಲ್ಲದ್ದು ಇಷ್ಟು: ಮೊದಲ ಎರಡು ಮಾದರಿಗಳು ಹೇಳುತ್ತಿದ್ದ ಕೆಲಸ, ಅಂದರೆ ಇನ್ನಷ್ಟು ಕ್ಯಾಂಪು, ಆ ಹೆಂಗಸರಿಗೆ ಉಪಯೋಗಕ್ಕೆ ಬರುತ್ತಿರಲಿಲ್ಲ. ಎರಡನೆಯದು ಅಂಕಿಗೆ ಚೆನ್ನಾಗಿ ಹೊಂದಿತ್ತು ಎಂಬುದೇ ಅದರ ಅಪಾಯ. ಹೊಂದಿಕೆಯನ್ನು ನೋಡಿ ನಿಲ್ಲದೆ, ಈ ಮಾದರಿ ನಿಜವಾದರೆ ರಿಜಿಸ್ಟರಿನಲ್ಲಿ ಇನ್ನೇನು ಕಾಣಬೇಕು ಅಂತ ಕೇಳಿದ್ದರಿಂದ ಬಚಾವಾದೆವು.

ಕ್ಯಾಲೆಂಡರಿನ ಆ ಹಾಳೆ ನನ್ನ ಮೇಜಿನ ಡ್ರಾಯರಿನಲ್ಲಿದೆ. ಕಪ್ಪು ಬೊಟ್ಟುಗಳು ಒಂದೊಂದಾಗಿ ಉದುರಿವೆ, ಕೆಂಪು ಮರೂನುಗಳು ಅಂಟಿಕೊಂಡೇ ಇವೆ.

ಹೋದ ತಿಂಗಳು ಗೌರಕ್ಕ ಇನ್ನೊಂದು ಕೇಳಿದರು: "ಲವರ್ ಬುಟ್ಟೋದ್ರೆ ಇನ್ನೊಬ್ಬ ಸಿಗಾಗಂಟ ಎಷ್ಟ್ ದಿನ ಹಾಕಿದ್ದೀರಿ ನಿಮ್ ಲೆಕ್ಕದಾಗೆ?" ಒಬ್ಬನನ್ನು ಬಿಟ್ಟು ಇನ್ನೊಬ್ಬ ಸಿಗುವ ನಡುವಿನ ಅಂತರ ಸೋಂಕಿನ ಅವಧಿಗಿಂತ ಚಿಕ್ಕದಾದರೆ ಹಳೆಯವನ ಸೋಂಕು ಹೊಸಬನಿಗೆ ದಾಟುತ್ತದೆ, ಉದ್ದವಾದರೆ ದಾರಿಯಲ್ಲೇ ಆರಿಹೋಗುತ್ತದೆ. ನಾನು ಆ ಅಂತರಕ್ಕೆ ಸೊನ್ನೆ ಹಾಕಿದ್ದೆ. ಅದನ್ನು ತಿಳಿಯಲು ನಾಲ್ಕನೇ ಪ್ರಶ್ನೆಯೊಂದನ್ನು ಸೇರಿಸಬೇಕು. ಬಿಟ್ಟುಹೋದವನ ಬಗ್ಗೆ ಕೇಳುವುದು ಸರಿಯೋ ಎಂಬ ಮಾತು ಮೂರು ಮಂಗಳವಾರಗಳಿಂದ ಸಭೆಯಲ್ಲಿ ನಡೆಯುತ್ತಿದೆ, ಇನ್ನೂ ತೀರ್ಮಾನವಾಗಿಲ್ಲ.